ಕೋಳಿ ದರ ಏರೋದ್ಯಾಕ, ಇಳಿಯೋದ್ಯಾಕ? ಕರಿ ಹಲಗೆ ಹಿಂದಿನ ಲೆಕ್ಕ

ಇಂಡಿಯಲ್ಲಿ ಒಂದು ದರ. ಸಿಂದಗಿಯಲ್ಲಿ ಬಸ್ಸಿಳಿದರೆ ಇನ್ನೊಂದು ದರ. ಮುದ್ದೇಬಿಹಾಳದ ಬೀಗರ ಮನೆಗೆ ಹೋದರೆ ಅಲ್ಲಿ ಮೂರನೆಯದು. ಬಸವನ ಬಾಗೇವಾಡಿಯಲ್ಲಿ ವಿಚಾರಿಸಿದರೆ ಹಲಗೆ ಮೇಲಿನ ಅಂಕಿ ಅಂದು ಬೆಳಿಗ್ಗೆಯಷ್ಟೇ ಒರೆಸಿ ಬರೆದದ್ದು. ಬಂಗಾರದ ಅಂಗಡಿ ಮತ್ತು ತರಕಾರಿ ಸವಾಲು ಬಿಟ್ಟರೆ, ದಿನ ಬೆಳಗಾದರೆ ದರ ಬದಲಾಗುವ ವ್ಯಾಪಾರ ತಾಲೂಕು ಪೇಟೆಗಳಲ್ಲಿ ಇದೊಂದೇ. ಚಿಕನ್ ಅಂಗಡಿ!

ರವಿವಾರ ಮುಂಜಾನೆ ಯಾವ ಊರಿನ ಯಾವ ಚಿಕನ್ ಅಂಗಡಿ ಮುಂದೆ ನಿಂತರೂ ಕೇಳಿಸುವ ಮಾತು ಒಂದೇ ನಮೂನೆಯದು.

"ಯಾಕ್ರಿ ಭಾಯಿ, ಹೋದ ರವಿವಾರ ಇದ್ದ ರೇಟ್ ಈ ರವಿವಾರ ಇಲ್ಲಲ್ಲ? ಇಪ್ಪತ್ತು ರೂಪಾಯಿ ಏರಿಸೀರಿ!"

"ನಾವೇನ್ ಮಾಡೂನ್ರಿ ಕಾಕಾ, ಮ್ಯಾಲಿಂದನ ಹಂಗ ಬಂದೈತಿ."

ಕಾಕಾ ನಂಬುವುದಿಲ್ಲ. ಗೊಣಗುತ್ತಲೇ ಒಂದು ಕಿಲೊದ ಬದಲು ಮುಕ್ಕಾಲು ಕಿಲೊ ಕಟ್ಟಿಸಿಕೊಂಡು ಹೋಗುತ್ತಾನೆ. ಬಸ್ಸಿನಲ್ಲಿ ಪಕ್ಕದ ಸೀಟಿನವನ ಮುಂದೆ, "ಈ ಚಿಕನ್ ಅಂಗಡಿಯವರು ಭಾಳ ದುಡ್ಡು ಮಾಡಾಕತ್ತಾರ" ಎಂದು ಷರಾ ಬರೆಯುತ್ತಾನೆ. ಅಂಗಡಿಯವನ ದುಃಖ ಬೇರೆ. ಅವನ ಗಲ್ಲೆಯಲ್ಲಿ ಅಂದು ಸಂಜೆ ಉಳಿಯುವುದೆಷ್ಟು ಎಂಬುದು ಅವನಿಗೊಬ್ಬನಿಗೇ ಗೊತ್ತು.

ಹಾಗಾದರೆ ಈ "ಮ್ಯಾಲಿಂದ" ಅಂದರೆ ಎಲ್ಲಿಂದ?

ರಾತ್ರಿ ಬರುವ ಸಂದೇಶ

ಹಿಂದಿನ ಕಾಲದಲ್ಲಿ ಕೋಳಿಯ ದರ ಸಂತಿಯಲ್ಲಿ ಹುಟ್ಟುತ್ತಿತ್ತು. ಹಳ್ಳಿಯ ಹೆಣ್ಣುಮಗಳು ಬುಟ್ಟಿಯಲ್ಲಿ ನಾಲ್ಕು ಜವಾರಿ ಕೋಳಿ ತಂದು ಕೂತರೆ, ಕೊಳ್ಳುವವನು ರೆಕ್ಕೆ ಹಿಡಿದು ಎತ್ತಿ ಕೈಯಲ್ಲೇ ತೂಕ ನೋಡಿ ದರ ಕುದುರಿಸುತ್ತಿದ್ದ. ಆಗ ಕೋಳಿ ಅಂದರೆ ಬೀಗರು ಬಂದಾಗ, ದೇವರ ಹರಕೆ ಇದ್ದಾಗ. ದಿನಾ ತಿನ್ನುವ ಪದಾರ್ಥ ಅಲ್ಲ.

ಈಗ ಪೇಟೆಯಲ್ಲಿ ಕೊಯ್ಯುವ ಕೋಳಿಯಲ್ಲಿ ಬಹುಪಾಲು ಬ್ರಾಯ್ಲರ್, ಅಂದರೆ ಫಾರಂ ಕೋಳಿ. ಇದರ ದರ ಸಂತಿಯಲ್ಲಿ ಹುಟ್ಟುವುದಿಲ್ಲ. ಮರಿ, ಫೀಡು, ಔಷಧ ಎಲ್ಲವನ್ನೂ ಕೈಯಲ್ಲಿಟ್ಟುಕೊಂಡ ದೊಡ್ಡ ಕಂಪನಿಗಳು ಮತ್ತು ಸಾಕಣೆದಾರರ ಸಂಘಗಳು ಆಯಾ ಪ್ರದೇಶಕ್ಕೆ ದಿನಕ್ಕೊಂದು "ಫಾರಂ ರೇಟ್" ಹೇಳುತ್ತವೆ. ಫಾರಂ ಬಾಗಿಲಲ್ಲಿ ಜೀವಂತ ಕೋಳಿಯ ಒಂದು ಕಿಲೊಗೆ ಇಷ್ಟು ಎಂದು. ತಮಿಳುನಾಡಿನ ತಿರುಪ್ಪೂರು ಜಿಲ್ಲೆಯ ಪಲ್ಲಡಂ ಎಂಬ ಊರಿನಲ್ಲಿ ಬ್ರಾಯ್ಲರ್ ಸಮನ್ವಯ ಸಮಿತಿಯೊಂದಿದೆ. ಅಲ್ಲಿ ಹೇಳಿದ ದರಕ್ಕೆ ದಕ್ಷಿಣದ ರಾಜ್ಯಗಳೆಲ್ಲ ಕಿವಿಗೊಡುತ್ತವೆ. ಪುಣೆ, ಹೈದರಾಬಾದ, ಬೆಂಗಳೂರು ಇವಕ್ಕೆಲ್ಲ ಬೇರೆ ಬೇರೆ ದರ. ಡೀಲರನ ಮೊಬೈಲಿಗೆ ಬಂದ ಅಂಕಿ ಅಲ್ಲಿಂದ ಅಂಗಡಿಯವನ ಮೊಬೈಲಿಗೆ, ಅಲ್ಲಿಂದ ಹಲಗೆಗೆ. ಇದೇ "ಮ್ಯಾಲಿಂದ" ಬರುವ ದಾರಿ.

ಮೊಟ್ಟೆಯದೂ ಇದೇ ಕಥೆ, ಆದರೆ ಅದು ಇನ್ನೂ ಹಳೆಯದು. ಮೊದಲು ಮೊಟ್ಟೆ ವ್ಯಾಪಾರಿಗಳು ಹೇಳಿದ್ದೇ ದರವಾಗಿತ್ತು, ಸಾಕಿದವನು ಕೈಕೈ ಹಿಸುಕಿಕೊಳ್ಳುತ್ತಿದ್ದ. ಭಾರತದ ಕೋಳಿ ಉದ್ಯಮದ ಪಿತಾಮಹ ಎನಿಸಿಕೊಂಡ ಡಾ. ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ 1982ರಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ಹುಟ್ಟಿತು. "ನನ್ನ ಮೊಟ್ಟೆ, ನನ್ನ ದರ" ಎಂಬುದು ಸಾಕಣೆದಾರರ ಹಟ. ಆ ಸಮಿತಿ ದರ ಹೇಳುವ ಊರುಗಳ ಪಟ್ಟಿಯಲ್ಲಿ ನಮ್ಮ ಕಡೆಯ ಹೊಸಪೇಟೆಯೂ ಇದೆ.

ವಿಜಯಪುರ ಜಿಲ್ಲೆಯ ಈ ನಾಲ್ಕೂ ತಾಲೂಕು ಇರುವ ಜಾಗ ಸ್ವಲ್ಪ ವಿಚಿತ್ರ. ಮೇಲೆ ಸೊಲ್ಲಾಪುರ, ಅದರಾಚೆ ಪುಣೆ. ಬಲಕ್ಕೆ ಕಲಬುರ್ಗಿ, ಅದರಾಚೆ ಹೈದರಾಬಾದ. ಕೆಳಗೆ ಹೊಸಪೇಟೆ. ಸೊಲ್ಲಾಪುರದಿಂದ ವಿಜಯಪುರದ ಮೇಲೆ ಹುಬ್ಬಳ್ಳಿಗೆ ಒಂದು ಹೆದ್ದಾರಿ, ಕಲಬುರ್ಗಿಯಿಂದ ಸಿಂದಗಿ, ವಿಜಯಪುರದ ಮೇಲೆ ಹೊಸಪೇಟೆಗೆ ಇನ್ನೊಂದು. ಕೋಳಿ ತುಂಬಿದ ಗಾಡಿಗೆ ಚಕ್ರವಿದೆ. ಮಹಾರಾಷ್ಟ್ರದಲ್ಲಿ ದರ ಹೆಚ್ಚಿದ್ದರೆ ಅತ್ತ ತಿರುಗುತ್ತದೆ, ಇತ್ತ ಹೆಚ್ಚಿದ್ದರೆ ಇತ್ತ. ಇಂಡಿಯ ಗಿರಾಕಿ ಪುಣೆಯ ಹೋಟೆಲಿನವನ ಜೊತೆ ಪೈಪೋಟಿಗೆ ಬಿದ್ದಿದ್ದಾನೆ. ಪಾಪ, ಅವನಿಗೇ ಅದು ಗೊತ್ತಿಲ್ಲ.

ಹತ್ತು ಏರಿದರೆ ಹದಿನಾರು ಯಾಕೆ?

ಗಿರಾಕಿಗೂ ಅಂಗಡಿಯವನಿಗೂ ಜಗಳ ಹತ್ತುವುದು ಮುಖ್ಯವಾಗಿ ಇಲ್ಲಿಯೇ. ಆದ್ದರಿಂದ ಈ ಲೆಕ್ಕವನ್ನು ಸಾವಕಾಶ ನೋಡಬೇಕು.

ಅಂಗಡಿಯವನು ಕೊಳ್ಳುವುದು ಜೀವಂತ ಕೋಳಿ. ಗಿರಾಕಿ ಕೊಳ್ಳುವುದು ಮಾಂಸ. ಎರಡರ ನಡುವೆ ರಕ್ತ, ಪುಕ್ಕ, ಕರುಳು, ತಲೆ, ಕಾಲು, ಚರ್ಮ ಹೋಗುತ್ತದೆ. ಚರ್ಮ ಸುಲಿದು ಕೊಟ್ಟರೆ ಜೀವಂತ ತೂಕದ ನೂರಕ್ಕೆ 65ರ ಆಸುಪಾಸು ಮಾಂಸ. ಚರ್ಮ ಸಮೇತ ಕೊಟ್ಟರೆ 72ರ ಆಸುಪಾಸು. ಅದಕ್ಕೂ ಮೊದಲು ಇನ್ನೊಂದು ನಷ್ಟ ಇದೆ. ಫಾರಂನಲ್ಲಿ ತೂಗಿದ ಕೋಳಿ ಕ್ರೇಟಿನಲ್ಲಿ ನಾಲ್ಕಾರು ತಾಸು ಪ್ರಯಾಣ ಮಾಡಿ ಅಂಗಡಿಗೆ ಬರುವಷ್ಟರಲ್ಲಿ ಬಾಯಾರಿ, ಹಿಕ್ಕೆ ಹಾಕಿ ತೂಕ ಕಳೆದುಕೊಂಡಿರುತ್ತದೆ. ಒಂದೆರಡು ದಾರಿಯಲ್ಲೇ ಸತ್ತೂ ಹೋಗುತ್ತವೆ. ಬೇಸಿಗೆಯಲ್ಲಿ ಇನ್ನೂ ಹೆಚ್ಚು.

ಉದಾಹರಣೆಗೆ ಒಂದು ಲೆಕ್ಕ ಹಿಡಿಯೋಣ. ಇದು ಇವತ್ತಿನ ದರ ಅಲ್ಲ, ಲೆಕ್ಕಕ್ಕೆ ಹಿಡಿದದ್ದು. ಅಂಗಡಿ ಬಾಗಿಲಿಗೆ ಬಂದು ಬೀಳುವ ಜೀವಂತ ಕೋಳಿಯ ದರ ಕಿಲೊಗೆ 110 ರೂಪಾಯಿ. ಅಂಗಡಿಯವನು 100 ಕಿಲೊ ಇಳಿಸಿಕೊಂಡ. ಕೊಟ್ಟದ್ದು 11,000 ರೂಪಾಯಿ. ತೂಕ ಇಳಿದು, ಸತ್ತು ಹೋಗಿ 3 ಕಿಲೊ ಹೋಯಿತು. ಉಳಿದ 97 ಕಿಲೊದಲ್ಲಿ ಚರ್ಮ ಸುಲಿದ ಮಾಂಸ ಬಂದದ್ದು 63 ಕಿಲೊ. 11,000ವನ್ನು 63ರಿಂದ ಭಾಗಿಸಿ. ಕಿಲೊಗೆ 175 ರೂಪಾಯಿ ಬೀಳುತ್ತದೆ. ಇದು ಬರೇ ಕೋಳಿಯ ಅಸಲು. ಇನ್ನು ಕೊಯ್ಯುವ ಆಳಿನ ಪಗಾರ, ಅಂಗಡಿ ಬಾಡಿಗೆ, ಕರೆಂಟು, ನೀರು, ಐಸು, ತ್ಯಾಜ್ಯ ಹೊರಗೆ ಸಾಗಿಸುವ ಖರ್ಚು ಇದೆ. ಇದಕ್ಕೆಲ್ಲ ಸೇರಿ ಕಿಲೊಗೆ 15 ರೂಪಾಯಿ ಹಿಡಿದರೂ 190 ಆಯಿತು. ಅಂಗಡಿಯವನ ಲಾಭ ಇದರ ಮೇಲಿನ ಮಾತು.

ಈಗ ಫಾರಂ ರೇಟ್ 10 ರೂಪಾಯಿ ಏರಿತು ಎನ್ನಿ. 100 ಕಿಲೊ ಕೋಳಿಗೆ 1,000 ರೂಪಾಯಿ ಹೆಚ್ಚಿಗೆ ಬಿತ್ತು. ಮಾಂಸ ಮಾತ್ರ ಅದೇ 63 ಕಿಲೊ. ಅಂದರೆ ಕಿಲೊ ಮಾಂಸಕ್ಕೆ ಏರಿದ್ದು 10 ಅಲ್ಲ, 16 ರೂಪಾಯಿ! ಪೇಪರಿನಲ್ಲೋ ಮೊಬೈಲಿನಲ್ಲೋ "ಕೋಳಿ ಹತ್ತು ರೂಪಾಯಿ ತುಟ್ಟಿ" ಎಂದು ನೋಡಿ ಬಂದ ಗಿರಾಕಿ ಹಲಗೆ ಮೇಲೆ ಹದಿನಾರು ಏರಿದ್ದನ್ನು ಕಂಡರೆ, ನಡುವಿನ ಆರು ರೂಪಾಯಿ ಅಂಗಡಿಯವನು ನುಂಗಿದ ಅಂತ ತಿಳಿಯುತ್ತಾನೆ. ಆ ಆರು ರೂಪಾಯಿ ಯಾರೂ ನುಂಗಿಲ್ಲ. ಅದು ಪುಕ್ಕ ಕರುಳಿನ ಬುಟ್ಟಿಯಲ್ಲಿದೆ.

ಹಾಗಂತ ಅಂಗಡಿಯವರನ್ನು ಪೂರಾ ಹೊಗಳುವಂತೆಯೂ ಇಲ್ಲ. ಇದೇ ಲೆಕ್ಕದ ಪ್ರಕಾರ ಫಾರಂ ರೇಟ್ 10 ಇಳಿದರೆ ಹಲಗೆಯಲ್ಲಿ 16 ಇಳಿಯಬೇಕು. ಇಳಿಯುತ್ತದೆಯೇ? ಏರುವಾಗ ಕುದುರೆ, ಇಳಿಯುವಾಗ ಎಮ್ಮೆ! ಏರಿದ್ದು ಅದೇ ದಿನ ಹಲಗೆಗೆ ಬರುತ್ತದೆ, ಇಳಿದದ್ದು ಮೂರ್ನಾಲ್ಕು ದಿನ ತಡೆದು ಬರುತ್ತದೆ, ಅದೂ ಐದೈದು ರೂಪಾಯಿಯಂತೆ. ಇದಕ್ಕೆ ಅವರಲ್ಲೂ ಸಮಜಾಯಿಷಿ ಇದೆ. ದರ ಏರಿದ ದಿನಗಳಲ್ಲಿ ಗಿರಾಕಿ ಓಡಿಹೋಗಬಾರದೆಂದು ಲಾಭ ಬಿಟ್ಟು ಮಾರಿರುತ್ತಾರೆ. ಇಳಿಯುವ ದಿನಗಳಲ್ಲಿ ಅದನ್ನು ತುಂಬಿಕೊಳ್ಳುತ್ತಾರೆ. ಪಕ್ಕದ ಅಂಗಡಿಯವನು ಹಲಗೆ ಒರೆಸುವ ತನಕ ಇವನೂ ಒರೆಸುವುದಿಲ್ಲ. ಒಂದೇ ಅಂಗಡಿ ಇರುವ ಹಳ್ಳಿಯಲ್ಲಂತೂ ಎಮ್ಮೆ ಇನ್ನೂ ನಿಧಾನ.

ಚರ್ಮದ ಮಾತು ಮರೆಯಬಾರದು. ಅದೇ 97 ಕಿಲೊ ಕೋಳಿಯನ್ನು ಚರ್ಮ ಸಮೇತ ಕೊಟ್ಟರೆ ಮಾಂಸ 70 ಕಿಲೊ ಹತ್ತಿರ. ಅಸಲು 157 ರೂಪಾಯಿಗೆ ಇಳಿಯುತ್ತದೆ. ಒಂದೇ ಬೀದಿಯಲ್ಲಿ ಎರಡು ಅಂಗಡಿಗಳ ನಡುವೆ ಹದಿನೈದು ಇಪ್ಪತ್ತು ರೂಪಾಯಿ ಫರಕು ಕಂಡರೆ ಮೊದಲು ಕೇಳಬೇಕಾದದ್ದು, "ಚರ್ಮ ತಗದದ್ದೋ, ಹಚ್ಚಿದ್ದೋ?" ಎಂದು. ಎಷ್ಟೋ ಮಂದಿ ಅಗ್ಗ ಅಂತ ಓಡಿ ಹೋಗಿ ತರುವುದು ಚರ್ಮದ ಭಾರವನ್ನೇ.

ಕೋಳಿ ತಿನ್ನುವ ಜೋಳ

ಇನ್ನು ಫಾರಂ ರೇಟಿನ ಹೊಟ್ಟೆಯೊಳಗೆ ಏನಿದೆ ನೋಡೋಣ. ಕೋಳಿ ಸಾಕುವ ಖರ್ಚಿನಲ್ಲಿ ನೂರಕ್ಕೆ 60-70 ಭಾಗ ತಿನಿಸಿನದೇ. ಈ ಕಾಲದ ಬ್ರಾಯ್ಲರ್ ಒಂದು ಕಿಲೊ ಮೈ ತುಂಬಿಕೊಳ್ಳಲು ಒಂದೂವರೆಯಿಂದ ಒಂದು ಮುಕ್ಕಾಲು ಕಿಲೊ ಫೀಡು ತಿನ್ನುತ್ತದೆ. ಫೀಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಗೋವಿನಜೋಳ, ಸುಮಾರು ಕಾಲು ಭಾಗಕ್ಕಿಂತ ಮೇಲೆ ಸೋಯಾ ಹಿಂಡಿ. ನಮ್ಮ ಜಿಲ್ಲೆಯ ಹೆಮ್ಮೆಯ ಬಿಳಿಜೋಳ ಕೋಳಿಯ ತಟ್ಟೆಗೆ ಹೋಗುವುದಿಲ್ಲ. ಅದು ನಮ್ಮ ರೊಟ್ಟಿಗೇ ಸಾಲದು.

ಫೀಡಿನ ದರ ಕಿಲೊಗೆ 5 ರೂಪಾಯಿ ಏರಿತು ಅಂದರೆ ಜೀವಂತ ಕೋಳಿಯ ಖರ್ಚು 8 ರೂಪಾಯಿ ಏರುತ್ತದೆ. ಹಲಗೆ ಮೇಲಿನ ಮಾಂಸಕ್ಕೆ ಅದು 12-13 ರೂಪಾಯಿ. ಹೀಗೆ ಮಧ್ಯಪ್ರದೇಶದ ಸೋಯಾ ಹೊಲಕ್ಕೂ ಮುದ್ದೇಬಿಹಾಳದ ಅಡಿಗೆಮನೆಗೂ ನಂಟು ಬೆಳೆದಿದೆ.

ಈ ನಂಟು 2021ರಲ್ಲಿ ಚೆನ್ನಾಗಿ ಕಂಡುಬಂತು. ಆ ವರ್ಷ ಜುಲೈ-ಆಗಸ್ಟ್ ಹೊತ್ತಿಗೆ ಸೋಯಾಬೀನ್ ಕ್ವಿಂಟಲಿಗೆ 10,000 ರೂಪಾಯಿ ಗಡಿ ಮುಟ್ಟಿತು. ಹಿಂಡಿ ದರ ಕೇಳಿದರೆ ಕೋಳಿ ಸಾಕುವವರ ಎದೆ ಒಡೆಯುವಂತಾಯಿತು. ಕೊನೆಗೆ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ 12 ಲಕ್ಷ ಟನ್ ಸೋಯಾ ಹಿಂಡಿಯನ್ನು ಹೊರದೇಶದಿಂದ ತರಿಸಲು ಅನುಮತಿ ಕೊಟ್ಟಿತು. ಅದೂ ಕುಲಾಂತರಿ ಸೋಯಾದ ಹಿಂಡಿ. ಸೋಯಾ ಬೆಳೆಯುವ ರೈತರು ಸಿಟ್ಟಾದರು, ಕೋಳಿ ಸಾಕುವವರು ನಿಟ್ಟುಸಿರು ಬಿಟ್ಟರು. ಇಬ್ಬರೂ ರೈತರೇ!

ಮರುವರ್ಷ, 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಯುದ್ಧ ಸಾರಿತು. ಉಕ್ರೇನು ಜಗತ್ತಿಗೆ ಗೋವಿನಜೋಳ ಮಾರುವ ದೊಡ್ಡ ದೇಶಗಳಲ್ಲೊಂದು. ಅಲ್ಲಿಯ ಬಂದರು ಮುಚ್ಚಿದ ಕೂಡಲೇ ಜಗತ್ತಿನ ಪೇಟೆಯಲ್ಲಿ ಜೋಳ ತುಟ್ಟಿಯಾಯಿತು. ನಮ್ಮ ದೇಶದ ಜೋಳಕ್ಕೂ ಹೊರಗಿನಿಂದ ಬೇಡಿಕೆ ಬಂತು. ಹಾವೇರಿ, ದಾವಣಗೆರೆ, ಬಾಗಲಕೋಟೆ ಕಡೆಯ ರೈತರಿಗೆ ಒಳ್ಳೆಯ ಕಾಲ, ಕೋಳಿಗೆ ಕೆಟ್ಟ ಕಾಲ.

ಆಮೇಲೆ ಬಂದದ್ದು ಎಥೆನಾಲ್. 2023ರ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡುವುದಕ್ಕೆ ಕೇಂದ್ರ ಸರಕಾರ ಕಡಿವಾಣ ಹಾಕಿದ್ದು ಇಂಡಿ, ಸಿಂದಗಿ ಕಡೆಯ ಕಬ್ಬು ಬೆಳೆಗಾರರಿಗೆ ನೆನಪಿರಬೇಕು. ಪೆಟ್ರೋಲಿಗೆ ಬೆರೆಸಲು ಎಥೆನಾಲ್ ಬೇಕೇ ಬೇಕು. ಹಾಗಾಗಿ ಕಣ್ಣು ಬಿದ್ದದ್ದು ಗೋವಿನಜೋಳದ ಮೇಲೆ. ಜೋಳದ ಎಥೆನಾಲಿಗೆ ಲೀಟರಿಗೆ 71 ರೂಪಾಯಿ 86 ಪೈಸೆ ಎಂದು ತೈಲ ಕಂಪನಿಗಳು ದರ ನಿಗದಿ ಮಾಡಿದವು. ಒಂದು ಟನ್ ಜೋಳಕ್ಕೆ 380 ಲೀಟರಿನಷ್ಟು ಎಥೆನಾಲ್ ಬರುತ್ತದೆ. ಅಂದರೆ ಟನ್ ಜೋಳಕ್ಕೆ 27,000 ರೂಪಾಯಿ ಮೇಲ್ಪಟ್ಟ ಹುಟ್ಟುವಳಿ. ಕೋಳಿ ಮತ್ತು ಮೋಟಾರು ಒಂದೇ ಚೀಲಕ್ಕೆ ಬಾಯಿ ಹಾಕಿದರೆ ಯಾರು ಗೆಲ್ಲುತ್ತಾರೆ? ಜೋಳ ಹೊರಗೆ ಕಳಿಸುತ್ತಿದ್ದ ದೇಶ 2024ರಲ್ಲಿ ಜೋಳ ತರಿಸಿಕೊಳ್ಳುವ ಹಾಗಾಯಿತು.

ಮತ್ತೆ ಚಕ್ರ ತಿರುಗಿತು. ದರ ನೋಡಿ ರೈತರೆಲ್ಲ ಗೋವಿನಜೋಳ ಬಿತ್ತಿದರು. 2025ರ ಹಿಂಗಾರಿನ ಹೊತ್ತಿಗೆ ರಾಜ್ಯದ ಪೇಟೆಗಳಲ್ಲಿ ಜೋಳ ನೆಲಕಚ್ಚಿತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ ಇದ್ದರೂ ರೈತನ ಕೈಗೆ ಅಷ್ಟು ಸಿಗಲಿಲ್ಲ. ನವೆಂಬರಿನಲ್ಲಿ ರೈತರು ಬೀದಿಗಿಳಿದರು, ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಧಾನಿಗೆ ಪತ್ರ ಬರೆದರು. ಆಗ ಗಿರಾಕಿ ಕೇಳುವ ನ್ಯಾಯವಾದ ಪ್ರಶ್ನೆ: ಜೋಳ ಇಷ್ಟು ಸೋವಿಯಾದರೆ ಕೋಳಿ ಯಾಕೆ ಮರುವಾರವೇ ಸೋವಿ ಆಗುವುದಿಲ್ಲ?

ಎರಡು ತಿಂಗಳ ಗಾಣ

ಯಾಕೆಂದರೆ ಇವತ್ತು ಅಂಗಡಿಯಲ್ಲಿ ತೂಗುವ ಕೋಳಿ ಇವತ್ತಿನ ಜೋಳ ತಿಂದದ್ದಲ್ಲ. ಮೊಟ್ಟೆ ಮರಿಯಾಗಲು 21 ದಿನ. ಮರಿ ಎರಡು ಕಿಲೊ ದಾಟಿದ ಕೋಳಿಯಾಗಲು 35ರಿಂದ 42 ದಿನ. ಒಟ್ಟು ಎರಡು ತಿಂಗಳ ಲೆಕ್ಕ. ಅದರ ಹಿಂದೆ ಮೊಟ್ಟೆ ಇಡುವ ತಾಯಿ ಕೋಳಿ ಬೇರೆ. ಅದು ಮೊಟ್ಟೆಗೆ ಬರಲು ಸುಮಾರು 25 ವಾರ ಬೇಕು. ಆದ್ದರಿಂದ ದರ ಏರಿತು ಎಂದ ಕೂಡಲೇ ಕೋಳಿ ಹೆಚ್ಚು ಮಾಡಲು ಯಾವ ಕಂಪನಿಯ ಕೈಯಲ್ಲೂ ಆಗುವುದಿಲ್ಲ.

ನಡೆಯುವುದು ಹೀಗೆ. ದರ ಏರಿದ ತಿಂಗಳು ಎಲ್ಲರಿಗೂ ಆಸೆ. ಎಲ್ಲರೂ ಮರಿ ಬಿಡುತ್ತಾರೆ. ಒಂದು ದಿನದ ಮರಿಯ ದರವೇ ಎರಡು ಮೂರು ಪಟ್ಟು ಏರುತ್ತದೆ. ನಲವತ್ತು ದಿನ ಕಳೆದ ಮೇಲೆ ಎಲ್ಲರ ಕೋಳಿಯೂ ಒಂದೇ ವಾರ ಪೇಟೆಗೆ ಬರುತ್ತದೆ. ದರ ಬೀಳುತ್ತದೆ. ಕೈ ಸುಟ್ಟುಕೊಂಡವರು ಮುಂದಿನ ಬ್ಯಾಚಿಗೆ ಮರಿ ಕಡಿಮೆ ಮಾಡುತ್ತಾರೆ. ಮತ್ತೆ ನಲವತ್ತು ದಿನ ಆದ ಮೇಲೆ ಪೇಟೆಯಲ್ಲಿ ಕೋಳಿ ಇಲ್ಲ, ದರ ಆಕಾಶಕ್ಕೆ. ಎಣ್ಣೆ ಗಾಣದ ಎತ್ತಿನಂತೆ ಸುತ್ತಿದ್ದೇ ಸುತ್ತು.

ಉಳ್ಳಾಗಡ್ಡಿ ಬೆಳೆದವನೂ ಇದೇ ಗಾಣಕ್ಕೆ ಸಿಕ್ಕವನೇ. ಆದರೆ ಉಳ್ಳಾಗಡ್ಡಿಯನ್ನು ಶೆಡ್ಡಿನಲ್ಲಿ ಹರವಿ ತಿಂಗಳು ಕಾಯಬಹುದು. ತೊಗರಿಯನ್ನು ಚೀಲದಲ್ಲಿ ಕಟ್ಟಿ ವರ್ಷ ಇಡಬಹುದು. ಬ್ರಾಯ್ಲರ್ ಕೋಳಿಯನ್ನು ಹಾಗೆ ಇಡಲು ಬರುವುದಿಲ್ಲ. ನಲವತ್ತು ದಿನ ದಾಟಿದ ಕೋಳಿ ಒಂದು ದಿನ ಹೆಚ್ಚು ನಿಂತರೂ ತಿನ್ನುವುದು ಹೆಚ್ಚು, ಅದಕ್ಕೆ ತಕ್ಕ ಮೈ ಬರುವುದು ಕಡಿಮೆ. ಎದೆ ಭಾರವಾಗಿ ಕಾಲು ಸೋಲುತ್ತದೆ. ಸೆಕೆಗೆ ಕುಸಿದು ಬೀಳುತ್ತದೆ. ಹೀಗಾಗಿ ಫಾರಂನಲ್ಲಿ ಕೋಳಿ ಹೆಚ್ಚಾದರೆ ಎಷ್ಟು ಬಂದರಷ್ಟು ಎಂದು ತಳ್ಳಲೇಬೇಕು. ಕೋಳಿ ದರ ಬೀಳುವಾಗ ಧೊಪ್ಪನೆ ಬೀಳುವುದಕ್ಕೆ ಇದೇ ಕಾರಣ.

ಸುದ್ದಿಗೆ ಸತ್ತ ಕೋಳಿ

ಜ್ವರ ಬಂದು ಸತ್ತ ಕೋಳಿಗಿಂತ ಸುದ್ದಿಗೆ ಸತ್ತ ಕೋಳಿ ಹೆಚ್ಚು ಎಂದರೆ ಸುಳ್ಳಲ್ಲ. ಭಾರತದಲ್ಲಿ ಹಕ್ಕಿಜ್ವರ ಮೊದಲು ಕಂಡದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದುರಬಾರ ಜಿಲ್ಲೆಯ ನವಾಪುರದಲ್ಲಿ. ಅಲ್ಲಿಂದ ನೂರಾರು ಮೈಲಿ ದೂರದ ಊರುಗಳಲ್ಲೂ ಜನ ಕೋಳಿ ಮುಟ್ಟಲಿಲ್ಲ.

ಅದಕ್ಕಿಂತ ದೊಡ್ಡ ಹೊಡೆತ 2020ರದು. ಕೋಳಿಯಿಂದ ಕರೋನಾ ಬರುತ್ತದೆ ಎಂಬ ಸುಳ್ಳು ಸುದ್ದಿ ಫೆಬ್ರವರಿಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹಾರಿತು. ಹೈದರಾಬಾದಿನಲ್ಲಿ ತೆಲಂಗಾಣದ ಮಂತ್ರಿಗಳು ವೇದಿಕೆ ಮೇಲೆ ನಿಂತು ಚಿಕನ್ ತಿಂದು ತೋರಿಸಿದರೂ ಜನ ನಂಬಲಿಲ್ಲ. ಫಾರಂ ಬಾಗಿಲಲ್ಲಿ ಕಿಲೊಗೆ ಐದು-ಹತ್ತು ರೂಪಾಯಿಗೆ ಕೇಳುವವರಿಲ್ಲ. ಪಕ್ಕದ ಬೆಳಗಾವಿ ಜಿಲ್ಲೆಯ ಗೋಕಾಕ ತಾಲೂಕಿನಲ್ಲಿ ಸಾಕಿದವನೊಬ್ಬ ಸುಮಾರು 6,000 ಕೋಳಿಗಳನ್ನು ಗುಂಡಿ ತೋಡಿಸಿ ಜೀವಂತ ಹೂಳಿಬಿಟ್ಟ. ಅವುಗಳಿಗೆ ಹಾಕುವ ಫೀಡಿನ ದುಡ್ಡೂ ಹುಟ್ಟುವಂತಿರಲಿಲ್ಲ. ಅದೇ ಮಾರ್ಚಿನಲ್ಲಿ ಮೈಸೂರಿನಲ್ಲೂ ಹರಿಹರ ತಾಲೂಕಿನಲ್ಲೂ ಹಕ್ಕಿಜ್ವರ ಕಾಣಿಸಿಕೊಂಡು ಗಾಯಕ್ಕೆ ಉಪ್ಪು ಬಿತ್ತು.

ಆಮೇಲೇನಾಯಿತು? ಹೆದರಿದವರು ಮರಿ ಬಿಡಲಿಲ್ಲ. ಗಾಣದ ಲೆಕ್ಕದಂತೆ ಎರಡು ತಿಂಗಳಾದ ಮೇಲೆ, ಮೇ ಹೊತ್ತಿಗೆ ಹಲವು ಊರುಗಳಲ್ಲಿ ಚಿಕನ್ ಕಿಲೊಗೆ ಇನ್ನೂರರ ಗಡಿ ದಾಟಿತು. ಮಾರ್ಚಿನಲ್ಲಿ ಪುಕ್ಕಟೆ ಕೊಟ್ಟರೂ ಒಲ್ಲೆ ಎಂದವರೇ ಮೇ ತಿಂಗಳಲ್ಲಿ ಪಾಳಿ ಹಚ್ಚಿದರು.

2025ರ ಫೆಬ್ರವರಿಯಲ್ಲಿ ಬಳ್ಳಾರಿ ಜಿಲ್ಲೆ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿ, ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಮತ್ತೆ ಹಕ್ಕಿಜ್ವರ ಪತ್ತೆಯಾಯಿತು. ಇಂಥ ಸಮಯದಲ್ಲಿ ತಿಳಿದಿರಬೇಕಾದದ್ದು ಇಷ್ಟು. ಈ ವೈರಾಣು 70 ಡಿಗ್ರಿ ಶಾಖದಲ್ಲಿ ಬದುಕುವುದಿಲ್ಲ. ನಮ್ಮ ಕಡೆಯ ಕುದಿಯುವ ಖಾರದ ಸಾರಿನಲ್ಲಿ ಅದಕ್ಕಿಂತ ಬಹಳ ಹೆಚ್ಚು ಶಾಖ ಇರುತ್ತದೆ. ಅಪಾಯ ಇರುವುದು ರೋಗ ಬಂದ ಕೋಳಿ ಮುಟ್ಟುವವರಿಗೆ, ಸಾಗಿಸುವವರಿಗೆ, ಕೊಯ್ಯುವವರಿಗೆ. ಸತ್ತ ಕೋಳಿಯನ್ನು ಸೋವಿಗೆ ಹಾಕುವ ಆಸಾಮಿಗಳ ಬಗ್ಗೆ ಮಾತ್ರ ಎಚ್ಚರ ಇರಲೇಬೇಕು.

ಶ್ರಾವಣ, ಸೋಮವಾರ, ಸೂರ್ಯ

ತಿನ್ನುವವರ ಪಂಚಾಂಗವೂ ದರವನ್ನು ಎಳೆಯುತ್ತದೆ. ಭೀಮನ ಅಮಾವಾಸ್ಯೆ ಕಳೆದು ಶ್ರಾವಣ ಹಿಡಿದರೆ ನಾಲ್ಕೂ ತಾಲೂಕಿನಲ್ಲಿ ಅಂಗಡಿಯವರು ನೊಣ ಹೊಡೆಯುತ್ತಾರೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿಯಲ್ಲಂತೂ ಅದು ಜಾತ್ರೆಯ ತಿಂಗಳು. ಉಳಿದ ದಿನಗಳಲ್ಲೂ ಸೋಮವಾರ, ಗುರುವಾರ, ಶನಿವಾರ ಗಿರಾಕಿ ತೆಳು. ಗಾಂಧಿ ಜಯಂತಿ, ಮಹಾವೀರ ಜಯಂತಿಯಂದು ಬಾಗಿಲೇ ಹಾಕಬೇಕು. ರವಿವಾರ ಒಂದೇ ದಿನ ವಾರದ ಗಳಿಕೆ ನೋಡಬೇಕು. ಯುಗಾದಿಯ ಮರುದಿನ, ರಂಜಾನ್ ತಿಂಗಳು, ಲಗ್ನದ ಕಾಲ, ಊರ ದೇವಿಯ ಜಾತ್ರೆ, ಡಿಸೆಂಬರ್ 31ರ ರಾತ್ರಿ ಇವೆಲ್ಲ ಏರಿಕೆಯ ಕಾಲ.

ಶ್ರಾವಣದಲ್ಲಿ ಗಿರಾಕಿ ಕಡಿಮೆಯಾಗುತ್ತದೆ ಎಂಬುದು ಕಂಪನಿಗಳಿಗೂ ಗೊತ್ತು. ಹಾಗಾಗಿ ಆಷಾಢದಲ್ಲೇ ಮರಿ ಕಡಿಮೆ ಮಾಡಿರುತ್ತಾರೆ. ಅಂದಾಜು ಸರಿ ಹೋದರೆ ಶ್ರಾವಣದಲ್ಲೂ ದರ ಅಷ್ಟೇನೂ ಬೀಳುವುದಿಲ್ಲ. ತಪ್ಪಿದರೆ ಮಾತ್ರ ಗಿರಾಕಿಗೆ ಹಬ್ಬ. ಆದರೆ ಆ ಹಬ್ಬ ಮಾಡಲು ಮನೆಯಲ್ಲಿ ಬಿಡುವುದಿಲ್ಲ!

ಏಪ್ರಿಲ್-ಮೇ ಬಂದರೆ ಆಟವೇ ಬೇರೆ. ನಮ್ಮ ಜಿಲ್ಲೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬ್ರಾಯ್ಲರ್ ಕೋಳಿಗೆ 35ರ ಮೇಲೆ ಹೋದರೆ ಜೀವ ಚಡಪಡಿಕೆ. ಅದಕ್ಕೆ ಬೆವರುವುದು ಗೊತ್ತಿಲ್ಲ, ಬಾಯಿ ತೆರೆದು ಏದುಸಿರು ಬಿಡುವುದೊಂದೇ ದಾರಿ. ತಿನ್ನುವುದು ಬಿಡುತ್ತದೆ, ಮೈ ಹಿಡಿಯುವುದಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತರೆ ಒಂದೇ ತಾಸಿನಲ್ಲಿ ನೂರಾರು ಕೋಳಿ ಉರುಳಿ ಬೀಳುವುದುಂಟು. ಹೆದರಿ ಮರಿ ಕಡಿಮೆ ಬಿಡುತ್ತಾರೆ. ಒಂದು ಕಡೆ ಲಗ್ನದ ಕಾಲ, ಇನ್ನೊಂದು ಕಡೆ ಕೋಳಿ ಕಮ್ಮಿ. ಬೇಸಿಗೆಯಲ್ಲಿ ದರ ಏರದೆ ಇನ್ನೇನಾದೀತು?

ಊರಿಂದೂರಿಗೆ ಫರಕು

ನಾಲ್ಕು ಊರಿಗೆ ನಾಲ್ಕು ದರ ಇರುವುದರಲ್ಲಿ ದೊಡ್ಡ ರಹಸ್ಯ ಇಲ್ಲ. ಫಾರಂನಿಂದ ಎಷ್ಟು ದೂರ, ಗಾಡಿ ತುಂಬಿ ಬರುತ್ತದೋ ಅರ್ಧ ಖಾಲಿ ಬರುತ್ತದೋ, ಪೇಟೆಯಲ್ಲಿ ಎಷ್ಟು ಅಂಗಡಿ, ದಿನಕ್ಕೆ ಎಷ್ಟು ಕಿಲೊ ಖರ್ಚಾಗುತ್ತದೆ ಇಷ್ಟೇ. ದಿನಕ್ಕೆ 200 ಕಿಲೊ ಮಾರುವ ಅಂಗಡಿ ಕಿಲೊಗೆ ಕಡಿಮೆ ಲಾಭ ಇಟ್ಟರೂ ನಡೆಯುತ್ತದೆ. 30 ಕಿಲೊ ಮಾರುವವನಿಗೆ ಬಾಡಿಗೆ, ಆಳಿನ ಪಗಾರ ಅದೇ 30 ಕಿಲೊದಲ್ಲೇ ಹೊರಡಬೇಕು. ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆ ಹೆಚ್ಚು, ಆದರೆ ಗಿರಾಕಿಯೂ ಹೆಚ್ಚು.

ಒಮ್ಮೊಮ್ಮೆ ಎರಡು ಅಂಗಡಿಗಳ ನಡುವೆ ಜಿದ್ದು ಬೀಳುತ್ತದೆ. ಅಸಲಿಗಿಂತ ಕಡಿಮೆ ದರ ಹಲಗೆಗೆ ಹತ್ತುತ್ತದೆ. ಗಿರಾಕಿಗೆ ಖುಷಿ. ಆದರೆ ಅಸಲಿಗಿಂತ ಕಡಿಮೆ ಮಾರುವವನು ಎಲ್ಲಿ ತುಂಬಿಕೊಳ್ಳುತ್ತಾನೆ ಎಂದು ಒಂದು ಸಲ ತಕ್ಕಡಿ ಕಡೆ ನೋಡುವುದು ಒಳ್ಳೆಯದು. ತೂಕ ಮಾಪನ ಇಲಾಖೆಯ ಮುದ್ರೆ ಇದೆಯೋ, ಬಟ್ಟಲು ಇಟ್ಟ ಮೇಲೆ ಕಾಟಾ ಸೊನ್ನೆಗೆ ಬಂತೋ, ನೀರು ಬಸಿದು ತೂಗಿದನೋ ನೀರು ಸಮೇತ ತೂಗಿದನೋ. ಕಿಲೊದಲ್ಲಿ 100 ಗ್ರಾಂ ಹೋದರೆ 200 ರೂಪಾಯಿ ಮಾಂಸದಲ್ಲಿ 20 ರೂಪಾಯಿ ಹೋದಂತೆಯೇ.

ಶೆಡ್ಡಿನವನ ಪಾಲು

ದರ ಏರಿದಾಗ ಕೋಳಿ ಸಾಕಿದ ರೈತನಾದರೂ ಬದುಕಿಕೊಂಡನಲ್ಲ ಎಂದುಕೊಳ್ಳುವವರಿದ್ದಾರೆ. ಅವನ ಕಥೆಯೂ ಕೇಳಬೇಕು. 1990ರ ದಶಕದಲ್ಲಿ ತಮಿಳುನಾಡಿನ ಉಡುಮಲೈ ಕಡೆ ಶುರುವಾಗಿ ರಾಜ್ಯರಾಜ್ಯಕ್ಕೆ ಹರಡಿದ ಒಪ್ಪಂದ ಸಾಕಣೆಯಲ್ಲಿ ಕೋಳಿ ರೈತನದಲ್ಲ. ಮರಿ ಕಂಪನಿಯದು, ಫೀಡು ಕಂಪನಿಯದು, ಔಷಧ ಕಂಪನಿಯದು, ಮಾರುವುದೂ ಕಂಪನಿಯೇ. ರೈತನದು ಶೆಡ್ಡು, ಕರೆಂಟು ಬಿಲ್ಲು, ನೀರು, ನೆಲಕ್ಕೆ ಹಾಸುವ ಭತ್ತದ ಹೊಟ್ಟು ಮತ್ತು ಮನೆಮಂದಿಯ ದುಡಿಮೆ. ಅವನಿಗೆ ಸಿಗುವುದು ಸಾಕಿದ ಕೂಲಿ, ಕಿಲೊಗೆ ಬೆರಳೆಣಿಕೆಯ ರೂಪಾಯಿ. ಹಲಗೆಯಲ್ಲಿ 160 ಇರಲಿ, 260 ಇರಲಿ, ಅವನ ಕೂಲಿ ಒಪ್ಪಂದದ ಹಾಳೆಯಲ್ಲಿ ಬರೆದಷ್ಟೇ. ದರ ಬಿದ್ದಾಗ ಕೋಳಿಯ ನಷ್ಟ ಕಂಪನಿಯದು ಎಂಬುದೂ ನಿಜ. ಅದಕ್ಕೇ ಎಷ್ಟೋ ಮಂದಿ ಒಪ್ಪಿಕೊಂಡದ್ದು. 2020ರಲ್ಲಿ ಸ್ವಂತ ಮರಿ ತಂದು ಸಾಕಿದವರ ಗತಿ ಕಂಡವರು ಇನ್ನೂ ಬೇಗ ಒಪ್ಪಿಕೊಂಡರು.

ಆದರೆ ಕೋಳಿ ಹೆಚ್ಚು ಸತ್ತರೆ, ಫೀಡು ಹೆಚ್ಚು ತಿಂದು ತೂಕ ಕಡಿಮೆ ಬಂದರೆ ಕೂಲಿಯಲ್ಲಿ ಕಡಿತ. ಮರಿಯೇ ಕಳಪೆ ಬಂದಿತ್ತು ಎಂದು ಅವನು ಯಾರಿಗೆ ಹೇಳಬೇಕು? ಬ್ಯಾಚು ಹೊರಟ ಮೇಲೆ ಶೆಡ್ಡು ಬಳಿದು, ಸುಣ್ಣ ಹೊಡೆದು ಖಾಲಿ ಕೂರಬೇಕು. ಸಾಮಾನ್ಯವಾಗಿ ಎರಡು ವಾರ. ಪೇಟೆಯಲ್ಲಿ ಕೋಳಿ ಹೆಚ್ಚಾಗಿದೆ ಎಂದು ಕಂಪನಿಗೆ ಅನ್ನಿಸಿದರೆ ಮೂರು ವಾರ, ನಾಲ್ಕು ವಾರ. ಆ ದಿನಗಳಿಗೆ ಕೂಲಿ ಇಲ್ಲ, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. "ಸಾಹೇಬ್ರ, ಮರಿ ಯಾವಾಗ ಬಿಡ್ತೀರಿ?" ಎಂದು ಸೂಪರ್‌ವೈಸರನಿಗೆ ಫೋನು ಹಚ್ಚುತ್ತಾನೆ. "ಮುಂದಿನ ವಾರ ನೋಡೂಣು" ಎನ್ನುತ್ತಾನೆ ಅವನು. ಇಂಥ ಶೆಡ್ಡುಗಳು ಸಾಲುಸಾಲಾಗಿ ಖಾಲಿ ಬಿದ್ದ ತಿಂಗಳು ಕಳೆದು ಒಂದೂವರೆ ತಿಂಗಳಿಗೆ ಪೇಟೆಯಲ್ಲಿ ಕೋಳಿ ಕಡಿಮೆಯಾಗುತ್ತದೆ, ದರ ಏರುತ್ತದೆ. ಅಷ್ಟೊತ್ತಿಗೆ ಅವನ ಶೆಡ್ಡಿನಲ್ಲಿ ಹೊಸ ಮರಿ ಬಿಟ್ಟು ಇನ್ನೂ ಹದಿನೈದು ದಿನ ಆಗಿರುತ್ತದೆ.